ತಾತನ ಉಸಿರು

ದಿಬ್ಬೂರಹಳ್ಳಿ
ಮಂಗಳವಾರ, 15-11-1994

ನನ್ನ ಮುದ್ದಿನ ಶಾಂತಮ್ಮನಿಗೆ,

ನಿನ್ನ ತಾತ ಮುನಿಗಂಗಪ್ಪ ಇಲ್ಲಿಂದಲೇ ನಿನ್ನ ತಲೆ ಸವರಿ ಬರೆಯುತ್ತಿರುವ ಕಾಗದ. ಹೇಗಿದ್ದೀಯಮ್ಮ? ಹೋದ ಸಲ ಕೆಮ್ಮು ಅಂತ ಬರೆದಿದ್ದೆ, ಬಿಟ್ಟಿತೇ? ಬೊಂಬಾಯಿಯ ಬ್ರೆಡ್ಡು ತಿಂದುಕೊಂಡು ಇರಬೇಡ, ದಿನಕ್ಕೆ ಒಂದು ಹೊತ್ತಾದರೂ ಮುದ್ದೆ ಮಾಡಿಕೋ. ಹಿಟ್ಟು ಮುಗಿದಿದ್ದರೆ ಬರೆ, ನಿಮ್ಮಪ್ಪ ಬಂದಾಗ ಕಳಿಸುತ್ತೇವೆ. ನಿಮ್ಮಜ್ಜಿ ಅಕ್ಕಯಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದಿವೆ. ಅವಕ್ಕೆ ಸೊಪ್ಪು ಹಾಕುವ ಭರದಲ್ಲಿ ನನಗೆ ಅನ್ನ ಹಾಕುವುದನ್ನು ಮರೆಯುತ್ತಾಳೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯೋಣವೆಂದರೆ ಕೈ ಬರುತ್ತಿಲ್ಲ. ಗಾಬರಿಯಾಗಬೇಡ, ಮೈಗೆ ಏನೂ ಆಗಿಲ್ಲ. ನಿನ್ನ ಕಾಗದ ಬಂದ ದಿನದಿಂದ ಮನಸ್ಸು ಸರಿಯಿಲ್ಲ.

ಅದರ ಜೊತೆಗಿದ್ದ ಪೇಪರಿನ ತುಂಡು ಇಂಗ್ಲಿಷಿನದು, ಅರ್ಥವನ್ನೆಲ್ಲ ನೀನೇ ಕನ್ನಡದಲ್ಲಿ ಬರೆದಿದ್ದರಿಂದ ಬಚಾವಾದೆ. ‘ತಾತನ ಉಸಿರು’ ಎಂದು ಹೆಸರಿಟ್ಟು ನೀನು ಮಾಡಿದ ಸಂಗೀತ ಕೇಳಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ. ಎಲ್ಲ ವಾದ್ಯಗಳ ಅಡಿಯಲ್ಲಿ ಒಂದೇ ಸ್ವರವಾಗಿ ಹರಿಯುವ ಆ ಒತ್ತು ಯಾರದು ಎಂದು ಯಾರೋ ಕೇಳಿದಾಗ ನೀನು ‘ನಮ್ಮ ತಾತಂದು, ಎಪ್ಪತ್ತೆಂಟು ವರ್ಷ’ ಅಂದೆಯಂತೆ. ಹನ್ನೊಂದನೇ ನಿಮಿಷದಲ್ಲಿ ಬರುವ ನಡುಕದ ಬಗ್ಗೆ ಪೇಪರಿನವರು ಅಷ್ಟುದ್ದ ಬರೆದಿದ್ದಾರೆ. ಮುದಿ ದೇಹ ಸೋತು, ಸೋಲಲೊಲ್ಲದೆ ಮತ್ತೆ ಎದ್ದ ಗಳಿಗೆಯಂತೆ ಅದು. ಕೊನೆಯ ನಾಲ್ಕು ನಿಮಿಷ ಮಾತ್ರ ಶ್ರುತಿ ಇಳಿದಿತ್ತು, ಕೆಮ್ಮೂ ಬಂದಿತ್ತು, ಅದಕ್ಕೇ ಕತ್ತರಿಸಿದೆ, ಬೇಜಾರು ಮಾಡ್ಕೋಬೇಡ ತಾತ ಎಂದೂ ಬರೆದಿದ್ದೀಯ. ಈಗ ಅಂಗಡಿಗೆ ಕ್ಯಾಸೆಟ್ ಬರುತ್ತದೆ, ತಿಂಗಳ ಕೊನೆಗೆ ಅದರ ಹೊದಿಕೆ ಅಚ್ಚಿಗೆ ಹೋಗುತ್ತದೆ, ಮೇಲೆ ನನ್ನ ಫೋಟೊ, ‘ಒತ್ತು: ಮುನಿಗಂಗಪ್ಪ’ ಎಂದು ಹೆಸರು. ನಿಮ್ಮಜ್ಜಿ ಆಗಲೇ ಪೇಪರಿನ ತುಂಡಿಗೆ ಕಟ್ಟು ಹಾಕಿಸಲು ಶಿಡ್ಲಘಟ್ಟಕ್ಕೆ ಕೊಟ್ಟು ಕಳಿಸಿದ್ದಾಳೆ, ಗೋಡೆಗೆ ಮೊಳೆಯೂ ಬಿದ್ದಿದೆ. ಆ ಮೊಳೆ ಕಂಡಾಗಲೆಲ್ಲ ನಾನು ಮುಖ ಬೇರೆ ಕಡೆ ತಿರುಗಿಸುತ್ತೇನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಬೈಯಬೇಡ. ನಮ್ಮಣ್ಣ ಬಯ್ಯಪ್ಪ ನಾಗಸ್ವರ ಊದುತ್ತಿದ್ದ, ನಾನು ಪಕ್ಕದಲ್ಲಿ ಕೂತು ಶ್ರುತಿಯ ಕೊಳವೆ ಊದಿ ಅವನಿಗೆ ಒತ್ತು ಹಿಡಿಯುತ್ತಿದ್ದೆ. ಅವನು ಹತ್ತು ರಾಗ ಸುತ್ತಿ ಬಂದರೂ ನನ್ನದು ಒಂದೇ ಸ್ವರ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಅದನ್ನು ಬಿಡುತ್ತಲೇ ಮೂಗಿನಲ್ಲಿ ಉಸಿರೆಳೆದುಕೊಳ್ಳಬೇಕು, ಸ್ವರ ಕಡಿಯಬಾರದು. ಚಿಂತಾಮಣಿ, ಪೆರೇಸಂದ್ರ, ಗೌರಿಬಿದನೂರು, ಎಲ್ಲಿ ಮದುವೆಯಾದರೂ ಹೊಗಳಿಕೆ ಅಣ್ಣನಿಗೆ, ಮಿಕ್ಕಿದ್ದು ಡೋಲಿನವನಿಗೆ. ಒಂದು ಸಲ ತೋಡಿ ಕಲಿಸು ಅಂತ ಕೇಳಿದ್ದಕ್ಕೆ ಅಣ್ಣ ಎಲ್ಲರ ಎದುರು ‘ಒತ್ತು ಪಟ್ಟೇವಾಡಿಕಿ ರಾಗಮೆಂದುಕುರಾ’ ಅಂದುಬಿಟ್ಟ. ಒತ್ತು ಹಿಡಿಯುವವನಿಗೆ ರಾಗ ಯಾಕೋ ಎಂದು. ಅಡುಗೆಯವರೂ ನಕ್ಕರು. ಎಂಬತ್ತಾರನೇ ಇಸವಿಯಲ್ಲಿ ಅವನು ಕರೆಂಟಿನ ಶ್ರುತಿ ಪೆಟ್ಟಿಗೆ ತಂದ. ಗುಂಡಿ ತಿರುಗಿಸಿದರೆ ಅದೇ ಸ್ವರ. ಅದಕ್ಕೆ ಊಟ ಬೇಡ, ಬಸ್ಸಿನಲ್ಲಿ ಸೀಟು ಬೇಡ. ‘ನೀನಿನ್ನು ಮನೇಲಿರಪ್ಪ’ ಅಂದ. ಆ ಪೆಟ್ಟಿಗೆ ನನ್ನ ಹೊಸಲು ದಾಟಕೂಡದು ಎಂದು ನಾನು ಕೂಗಾಡಿದಾಗ ನೀನು ಇಲ್ಲೇ ಇದ್ದೆ, ಬೇಸಿಗೆ ರಜೆಗೆ ಬಂದಿದ್ದೆ.

ನಿಮ್ಮಪ್ಪನ ರೈಲ್ವೆ ಕೆಲಸ, ಕ್ವಾರ್ಟರ್ಸ್ ಪಕ್ಕದ ಚರ್ಚಿನಲ್ಲಿ ನೀನು ಪಿಯಾನೊ ಕಲಿತದ್ದು, ಆಮೇಲೆ ಜಾಝ್‌ನವರ ಸಹವಾಸ, ಎಲ್ಲ ನನಗೆ ದೂರದ ಸುದ್ದಿ. ನೀನು ಮೊದಲು ಮಾಡಿದ ಸಂಗೀತವನ್ನು ಇಲ್ಲಿ ಹಾಕಿ ಕೇಳಿಸಿದೆಯಲ್ಲ, ಅದರಲ್ಲಿ ಸ್ಯಾಕ್ಸೊಫೋನಿನವನು ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತಿದ್ದ. ಪಿಟೀಲಿನವರು ನಮ್ಮ ತೋಡಿಯ ನಾಲ್ಕೇ ಸ್ವರ ಹಿಡಿದು ಅದನ್ನೇ ತಿರುಗಿಸಿದರು, ತಿರುಗಿಸುತ್ತಲೇ ಇದ್ದರು. ಕ್ಯಾಸೆಟ್ ಸಿಕ್ಕಿಕೊಂಡಿದೆ ಎಂದು ನಾನು ಟೇಪ್ ರೆಕಾರ್ಡರಿನ ತಲೆಗೆ ಎರಡು ಬಿಟ್ಟೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ‘ಕೆಟ್ಟಿಲ್ಲ ತಾತ, ಅದಿರೋದೇ ಹಂಗೆ. ಮಿನಿಮಲಿಸ್ಟ್ ಅಂತಾರೆ. ನಾನಿದನ್ನ ಕಲ್ತಿದ್ದು ನಿನ್ ಬೆನ್ನಿಗೆ ಕಿವಿ ಇಟ್ಕೊಂಡೇ’ ಅಂದೆ. ನಿಜ, ಚಿಕ್ಕವಳಿದ್ದಾಗ ನಾನು ಊದುತ್ತಿದ್ದರೆ ಬೆನ್ನಿಗೆ ಕಿವಿ ಒತ್ತಿ ಕೂರುತ್ತಿದ್ದೆ, ಅಲ್ಲೇ ನಿದ್ದೆ ಹೋಗುತ್ತಿದ್ದೆ. ಐವತ್ತು ವರ್ಷ ನಾನು ಊದಿದ್ದೂ ಸಂಗೀತವೇ ಎಂದು ಹೇಳಿದವಳು ನೀನೊಬ್ಬಳೇ ಕಣಮ್ಮ. ಅದಕ್ಕೇ ಈ ಯುಗಾದಿಗೆ ಬಂದು, ಮೂವತ್ತು ನಿಮಿಷ ಒತ್ತು ಹಿಡಿದುಕೊಡು ಅಂದಾಗ ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ನೀನು ಎದುರಿಗಿದ್ದರೆ ನಾಚಿಕೆ, ಒಬ್ಬನೇ ಊದಿ ಕಳಿಸುತ್ತೇನೆ ಎಂದು ನಿನ್ನನ್ನು ಬಸ್ಸು ಹತ್ತಿಸಿದೆನಲ್ಲ, ಅದು ನೆಪ. ಮುಂದಿನ ಹಲ್ಲು ಹೋದ ಮೇಲೆ ನಾನು ಒತ್ತು ಮುಟ್ಟಿರಲಿಲ್ಲ. ಮೂರು ದಿನ ಪ್ರಯತ್ನಪಟ್ಟೆ. ಗಾಳಿ ಸೋರಿಹೋಗುತ್ತದೆ, ಎರಡು ನಿಮಿಷಕ್ಕೆಲ್ಲ ಕಣ್ಣು ಕತ್ತಲೆ. ನಾಲ್ಕನೇ ದಿನ ಅಣ್ಣನ ಮನೆಗೆ ಹೋಗಿ, ಅಕ್ಕಯಮ್ಮನ ಭಜನೆಗೆ ಬೇಕಂತೆ ಎಂದು ಸುಳ್ಳು ಹೇಳಿ, ಅದೇ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತಂದೆ. ನಿಮ್ಮಜ್ಜಿ ಸೊಪ್ಪು ಕೊಯ್ಯಲು ಹೋಗಿದ್ದ ಮಧ್ಯಾಹ್ನ ಅದನ್ನು ಖಾಲಿ ಗುಡಾಣದೊಳಗೆ ಇಳಿಸಿ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿದೆ. ಪಕ್ಕದಲ್ಲಿ ನೀನು ಹೊಸ ಸೆಲ್ಲು ಹಾಕಿಟ್ಟುಹೋಗಿದ್ದ ಟೇಪ್ ರೆಕಾರ್ಡರ್ ಇಟ್ಟೆ. ಮಣ್ಣಿನ ಗುಡಾಣದೊಳಗಿಂದ ದನಿ ದುಂಡಗೆ, ಥೇಟ್ ಒತ್ತಿನ ಹಾಗೇ ಬಂತು. ನೋಡು, ಎಷ್ಟು ಯೋಚನೆ ಮಾಡಿ ಮೋಸ ಮಾಡಿದ್ದೇನೆ. ಕೋಳಿಯೊಂದು ಒಳಗೆ ಬಂದರೆ ಬಾಯಲ್ಲಿ ಓಡಿಸುವ ಹಾಗಿಲ್ಲ, ಕೈ ಬೀಸುತ್ತಾ ಗುಡಾಣದ ಮುಂದೆ ಕೂತಿದ್ದೆ. ಇನ್ನು ಆ ಹನ್ನೊಂದನೇ ನಿಮಿಷದ ನಡುಕ. ಅದು ಪಕ್ಕದ ಹೊಲದ ಪಾಪಯ್ಯನ ಬೋರ್‌ವೆಲ್ ಮೋಟಾರು, ಶಾಂತಮ್ಮ. ಅವನು ಮೋಟಾರು ಹಾಕಿದ, ವೋಲ್ಟೇಜು ಬಿತ್ತು, ಪೆಟ್ಟಿಗೆ ನರಳಿತು, ಆಮೇಲೆ ಸರಿಹೋಯಿತು. ಸೋಲಲೊಲ್ಲದೆ ಎದ್ದದ್ದು ನಮ್ಮೂರ ಟ್ರಾನ್ಸ್‌ಫಾರ್ಮರು.

ನಗು ಬಂದರೆ ನಕ್ಕುಬಿಡು, ನನಗೆ ಬರುತ್ತಿಲ್ಲ. ಕಾಗದದ ಜೊತೆ ನೀನು ಕಳಿಸಿದ ಆ ಸಂಗೀತದ ಕ್ಯಾಸೆಟ್ ಕೇಳಲು ಮೊನ್ನೆ ಅಣ್ಣನೇ ಕೋಲೂರಿಕೊಂಡು ಬಂದಿದ್ದ. ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಮುಗಿದ ಮೇಲೆ ನನ್ನ ಭುಜ ಹಿಡಿದು ‘ಬಾಗಾ ಪಟ್ಟಿನಾವುರಾ’ ಅಂದ. ಚೆನ್ನಾಗಿ ಹಿಡಿದಿದ್ದೀಯ ಎಂದು. ಹುಟ್ಟಿದಾಗಿನಿಂದ ಅವನು ನನಗೆ ಹೇಳಿದ ಮೊದಲ ಒಳ್ಳೆಯ ಮಾತು, ಅದೂ ಅವನದೇ ಪೆಟ್ಟಿಗೆಗೆ ಹೋಯಿತು. ಆದರೆ ಅಣ್ಣನಿಗೂ ಬೊಂಬಾಯಿಯ ಜನಕ್ಕೂ ಮೋಸವಾಯಿತೆಂದು ನನಗೆ ಅಷ್ಟು ಸಂಕಟವಿಲ್ಲ. ನನ್ನನ್ನು ಮನೆಯಲ್ಲಿ ಕೂರಿಸಿದ ಪೆಟ್ಟಿಗೆಯನ್ನೇ ತಂದು, ಇದು ನನ್ನ ಉಸಿರು ಎಂದು ನಿನಗೆ ಕೊಟ್ಟೆನಲ್ಲ, ಅದು ಸುಡುತ್ತದೆ. ಟೇಪು ತಲುಪಿದಾಗ ‘ನೀನು ಈಗ್ಲೂ ಹುಲಿ, ತಾತ’ ಎಂದು ನೀನು ಬರೆದೆ. ಆಗಲೇ ಒಂದು ಕಾರ್ಡು ಹಾಕಿದ್ದರೆ ಮುಗಿಯುತ್ತಿತ್ತು. ಹಾಕಲಿಲ್ಲ, ಯಾಕೆಂದರೆ ಹೊಗಳಿಸಿಕೊಂಡು ನನಗೆ ಅಭ್ಯಾಸವಿರಲಿಲ್ಲ, ಹಿತವಾಗಿತ್ತು. ತಪ್ಪಾಯಿತು ಕಣಮ್ಮ. ಹೊದಿಕೆ ಅಚ್ಚಿಗೆ ಹೋಗುವ ಮೊದಲು ನನ್ನ ಹೆಸರು ತೆಗೆಸು, ಫೋಟೊ ತೆಗೆಸು. ನಿಮ್ಮಜ್ಜಿಗೂ ಅಣ್ಣನಿಗೂ ನಾನೇ ಬಾಯಿಬಿಟ್ಟು ಹೇಳುತ್ತೇನೆ.

ನಿನ್ನ ಕೈಗೆ, ಕಿವಿಗೆ ಯಾವ ತೊಂದರೆಯೂ ಬಾರದೆ ನೂರು ಕಾಲ ಸಂಗೀತ ಮಾಡಿಕೊಂಡಿರು ಎಂದು ಹರಸುತ್ತೇನೆ. ಸುಳ್ಳು ಹೇಳಿದವನ ಆಶೀರ್ವಾದ ಅಂತ ಬೇಡವೆನ್ನಬೇಡ. ಅಪ್ಪ ಅಮ್ಮನಿಗೆ ಕೇಳಿದೆ ಅಂತ ಹೇಳು.

ನಿನ್ನ ತಾತ,
ಮುನಿಗಂಗಪ್ಪ

ಮರೆತಿದ್ದು: ಅಂಚೆಯವನು ಬಾಗಿಲಲ್ಲಿ ನಿಂತು ಸೈಕಲ್ ಬೆಲ್ಲು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಮರೆತಿದ್ದು ಅಂದದ್ದೂ ಸುಳ್ಳು, ಬರೆಯಲು ಸಂಕೋಚವಾಗಿತ್ತು. ಅವತ್ತು ಟೇಪು ಮುಗಿಯಲು ಇನ್ನೂ ನಾಲ್ಕು ನಿಮಿಷವಿರುವಾಗ ಕರೆಂಟು ಹೋಯಿತು. ಪೆಟ್ಟಿಗೆ ನಿಂತುಹೋಯಿತು, ನಿನ್ನ ಟೇಪು ಮಾತ್ರ ಸೆಲ್ಲಿನ ಮೇಲೆ ತಿರುಗುತ್ತಲೇ ಇತ್ತು. ನೀನು ಮೂವತ್ತು ನಿಮಿಷ ಅಂದಿದ್ದೆ. ಗೋಡೆಗೆ ಒರಗಿಸಿದ್ದ ಒತ್ತು ತೆಗೆದುಕೊಂಡು ಊದಿದೆ, ಟೇಪು ಟಕ್ಕಂತ ನಿಲ್ಲುವವರೆಗೂ ಬಿಡಲಿಲ್ಲ. ಶ್ರುತಿ ಇಳಿಯಿತು, ಕೆಮ್ಮೂ ಬಂತು, ಗೊತ್ತು. ನೀನು ಕತ್ತರಿಸಿ ತೆಗೆದೆಯಲ್ಲ, ಆ ನಾಲ್ಕು ನಿಮಿಷ, ಅದು ನಾನು ಕಣಮ್ಮ. ಇನ್ನೂ ಎಸೆದಿಲ್ಲದಿದ್ದರೆ ಇಟ್ಟುಕೋ.