ಹೊಳೆ ಇಳಿದ ಗುರುತು

ರೋಣ
೧೨ ಜನವರಿ ೨೦೨೫

ಪ್ರೀತಿಯ ಅಫ್ರೀನ,

‘ಉಸಿರು ನಡೆದ ದಾರಿಯಲ್ಲಿ ಹೆಜ್ಜೆ ಉಳಿಯದು.’ ಹೀಗೊಂದು ಸಾಲು ಬೆಳಗಿನಿಂದ ನಾಲಿಗೆಯ ಮೇಲಿದೆ. ಎಲ್ಲಿ ಓದಿದೆನೋ, ಮುಂದಿನ ಸಾಲೇನೋ, ಮರೆತಿದೆ. ಆದರೆ ಅದು ಖರೆಯೇ? ಈ ವಾರ ನಾನು ಕಂಡದ್ದು ಬೇರೆ. ಇರಲಿ, ಮೊದಲು ನೀನು ಹೇಗಿದ್ದೀ? ಪುಣೆಯ ಚಳಿಗೆ ಮೂಗು ಕಟ್ಟುವುದು ನಿಂತಿತೇ? ಕಂಪ್ಯೂಟರಿನ ಮುಂದೆ ಕೂತು ಊಟ ಬಿಡಬೇಡ. ನಾವಿಲ್ಲಿ ಆರಾಮ. ಈ ಮಾತನ್ನು ಇವತ್ತು ಧೈರ್ಯದಿಂದ ಬರೆಯುತ್ತಿದ್ದೇನೆ.

ಹೋದ ವರ್ಷ ಎಡ ಎದೆಯ ಗಂಟಿನ ಆಪರೇಷನ್ ಆಗಿ, ಕರೆಂಟು ಕೊಡಿಸಿಕೊಂಡು (ನೀನು ರೇಡಿಯೇಷನ್ ಅಂದರೂ ಇಲ್ಲಿ ಅದು ಕರೆಂಟೇ) ಅಮ್ಮಿ ಹುಬ್ಬಳ್ಳಿಯಿಂದ ಹೊರಟಾಗ ಯಾರಿಗೂ ‘ಹೋಗಿ ಬರ್ತೀನಿ’ ಅನ್ನಲಿಲ್ಲ. ದವಾಖಾನೆಯಲ್ಲಿ ಹಾಗೆ ಅಂದರೆ ಮತ್ತೆ ಬರಬೇಕಾಗುತ್ತದಂತೆ. ಅದನ್ನೇ ಹಿಡಿದುಕೊಂಡು ತಪಾಸಣೆಗೂ ಹೋಗಲೊಲ್ಲಳು. ನವೆಂಬರಿನಿಂದ ಒಣಕೆಮ್ಮು, ಕೇಳಿದರೆ ಮೆಣಸಿನಕಾಯಿ ಘಾಟು ಎಂದಳು. ರೋಗವಿಲ್ಲದ ಶ್ವಾಸಕೋಶಕ್ಕೆ ಎಷ್ಟು ಕಿರಣ ತಾಗಿದರೆ ಏನಾಗುತ್ತದೆಂದು ನೀನು ಲೆಕ್ಕ ಹಾಕುತ್ತಿರುವುದನ್ನೂ, ಆರಾಮಾದವರು ತಿರುಗಿ ಸ್ಕ್ಯಾನಿಗೆ ಬಾರದೆ ಆ ಕೆಲಸ ಅರ್ಧಕ್ಕೆ ನಿಂತದ್ದನ್ನೂ ನಾನು ಅಮ್ಮಿಗೆ ಹೇಳಿದೆ. ಆಗ ಎದ್ದಳು. “ಹುಡುಗಿ ಅಭ್ಯಾಸಕ್ಕಂದ್ರ ಬರ್ತೀನಿ, ರೋಗಕ್ಕಲ್ಲ” ಎಂದು ಷರತ್ತು ಬೇರೆ.

ಹುಬ್ಬಳ್ಳಿಯ ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆ ಕಂಡಿತು. ರೋಗ ಮರಳಿತೆಂದೇ ತಿಳಿದೆ. ಡಾಕ್ಟರು ಹಳೆಯ ನಕ್ಷೆ ತೆಗೆದರು. ಎಲ್ಲೆಲ್ಲಿ ಎಷ್ಟು ಕಿರಣ ಬಿದ್ದಿತ್ತೆಂದು ಕೆಂಪು, ಹಳದಿ, ನೀಲಿಯಲ್ಲಿ ತೋರಿಸುವ, ನೀನು ದಿನವೂ ನೋಡುವಂಥದ್ದು. ಅದನ್ನು ಹೊಸ ಚಿತ್ರದ ಮೇಲೆ ಕೂಡಿಸಿದರು. ಮಚ್ಚೆ ಕೆಂಪಿನ ಅಂಚಿನೊಳಗೇ ಕೂತಿತ್ತು. ಇನ್ನೂ ಒಂದೆರಡು ಪರೀಕ್ಷೆ ಮಾಡಿಸಿದ ಮೇಲೆ, ಇದು ರೋಗವಲ್ಲ, ಕಿರಣ ತಾಗಿದ ಜಾಗ ಬಾತದ್ದು, ಗುಳಿಗೆಯಿಂದ ಇಳಿಯುತ್ತದೆ ಎಂದರು. ಅಮ್ಮಿ ಪರದೆಯನ್ನೇ ನೋಡುತ್ತ, “ನಮ್ಮ ಹೊಳೆಮಣ್ಣೂರಾಗ ಹೊಳಿ ಇಳದ ಮ್ಯಾಲ ಗ್ವಾಡಿಗೆ ಗುರುತ ಉಳಿತೈತಲ್ರಿ, ಹಂಗ. ನೀರ ಹೋಗೇತಿ” ಅಂದಳು. ಡಾಕ್ಟರು ನಕ್ಕರು. ನಾನು ಹೊರಗೆ ಹೋಗಿ ಅತ್ತು ಬಂದೆ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಹೊಟ್ಟೆ ತುಂಬ ಗಿರ್ಮಿಟ್ ತಿಂದೆವು.

ಈಗ ಕೆಮ್ಮು ಇಳಿಯುತ್ತಿದೆ. ತನ್ನ ಪುಪ್ಪಸ (ಶ್ವಾಸಕೋಶಕ್ಕೆ ಅವಳ ಮಾತು ಅದು) ಮಗಳ ಅಭ್ಯಾಸಕ್ಕೆ ಹೋಗಿದೆ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾಳೆ. ಅವಳ ದುವಾ ಈ ಹಾಳೆಯಲ್ಲಿ ಹಿಡಿಯದಷ್ಟಿದೆ.

ನಿನ್ನ ಆಪಾ,
ತಬಸ್ಸುಮ

ತಾ.ಕ.: ಚಿತ್ರಗಳನ್ನು ನಿನ್ನ ಕೆಲಸಕ್ಕೆ ಕೊಡಲು ಅಮ್ಮಿ ಒಪ್ಪಿ ಸಹಿ ಹಾಕಿದ್ದಾಳೆ. ಮತ್ತೆ ಲಕೋಟೆ ಅಂಟಿಸುವಷ್ಟರಲ್ಲಿ ಪಕ್ಕದ ಮನೆಯ ಕಲ್ಲವ್ವ ಬಂದಳು. ಅವಳೂ ಕರೆಂಟು ಕೊಡಿಸಿಕೊಂಡವಳು, ಆಮೇಲೆ ಒಮ್ಮೆಯೂ ದವಾಖಾನೆಯ ಕಡೆ ತಿರುಗಿ ನೋಡಿಲ್ಲ. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತು, ಸೆರಗು ಸರಿಮಾಡಿಕೊಳ್ಳುತ್ತ, “ನಿನ್ನ ತಂಗಿಗೆ ಇನ್ನೊಂದ ಪುಪ್ಪಸ ಬೇಕೇನ ಕೇಳವಾ. ನಂದೂ ಒಂದೀಟ ಕೆಮ್ಮತೈತಿ” ಅಂದಳು.