ನಡುಬಂಡೆಗೆ ನೀರು ಬಂದ ದಿನ

ಮೌಳಂಗಿ,
೧೧ ಡಿಸೆಂಬರ್ ೨೦೨೪

ಪ್ರೀತಿಯ ಜ್ಯೋತಿಬಾ ಅಣ್ಣನಿಗೆ,

ತುಳಜಾಳ ನಮಸ್ಕಾರ. ದೀಪಾವಳಿಗೆ ನೀನು ಫೋನ್ ಮಾಡಿದಾಗ ಆಮೇಲೆ ಮಾತಾಡುತ್ತೇನೆ ಎಂದವಳು ಇಷ್ಟು ದಿನ ಸುಮ್ಮನಿದ್ದೆ. ಸಿಟ್ಟಾಗಬೇಡ. ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಬಿಟ್ಟು ಬೇರೇನೋ ಮಾತಾಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವ ಆರಾಮಿದ್ದಾಳೆ. ನೀನು ಕಾರವಾರಕ್ಕೆ ಹೋದಮೇಲೆ ಪ್ರವಾಸಿಗರನ್ನು ನದಿಗೆ ಕರೆದೊಯ್ಯುವ ನಿನ್ನ ಕೆಲಸ ಈಗ ಲಗಮಪ್ಪ ಕಾಕಾನದು. ನಾನು ಹೋಮ್‌ಸ್ಟೇಯ ಅದೇ ಕೌಂಟರಿನಲ್ಲಿದ್ದೇನೆ.

ಈ ಭಾನುವಾರ ಹುಬ್ಬಳ್ಳಿಯ ಕುಟುಂಬವೊಂದು ಬಂದಿತ್ತು, ಮಕ್ಕಳು ಸೇರಿ ಎಂಟು ಜನ. ರಾಫ್ಟಿಂಗ್ ಅಂದರೆ ಅವರಿಗೆ ಹೆದರಿಕೆ. "ಸುಲಭದ್ದು ಏನರ ಐತೇನವಾ?" ಎಂದು ಅಜ್ಜಿ ಕೇಳಿದರು. ಪಾದ ಮುಳುಗುವಷ್ಟು ನೀರಿನಲ್ಲಿ ನಡುಬಂಡೆಗೆ ಹೋಗಿ, ಕಾಲು ಇಳಿಬಿಟ್ಟು ಕೂರಬಹುದು ಎಂದೆ. ಅಣೆಕಟ್ಟಿನಿಂದ ನೀರು ಬಿಡುವುದು ಸಂಜೆಗೆ, ಅಲ್ಲಿಯವರೆಗೆ ನೀರು ಏರುವುದಿಲ್ಲ ಎಂದು ಧೈರ್ಯ ಹೇಳಿ ಕಾಕಾನ ಜೊತೆ ಕಳಿಸಿದೆ.

ಹನ್ನೊಂದೂವರೆಗೆ ಫೋನ್ ಬಂತು. ಮೇಲಿನ ಅಣೆಕಟ್ಟಿನಿಂದ ಇವತ್ತು ಬೇಗ ನೀರು ಬಿಟ್ಟಿದ್ದಾರೆ, ಇನ್ನು ಇಪ್ಪತ್ತು ನಿಮಿಷಕ್ಕೆ ನಮ್ಮಲ್ಲಿಗೆ ಬರುತ್ತದೆ ಎಂದರು ಅಲ್ಲಿಯವರು. ಫೋನ್ ಬಿಸಾಕಿ ಓಡಿದೆ. ದಂಡೆಯಿಂದ ಕೂಗಿದರೆ ಹರಿವಿನ ಸದ್ದಿಗೆ ಕೇಳಿಸಲಿಲ್ಲ. ಮಕ್ಕಳು ನಗುತ್ತ ನನ್ನತ್ತ ಕೈ ಬೀಸಿದರು. ನೀರಿಗಿಳಿದು ಬಂಡೆಯವರೆಗೂ ಹೋದೆ.

"ಕಾಕಾ, ನೀರ ಬಿಟ್ಟಾರ! ಏಳ್ರಿ ಎಲ್ಲಾರೂ!"

"ತಡೀರಿ, ಒಂದ್ ಫೋಟೋ ಹೊಡ್ಕೊಂಡು ಬರ್ತೇವಿ," ಎಂದು ಅಜ್ಜಿಯ ಮಗ ಹೇಳಿದ.

"ಫೋಟೋ ಬ್ಯಾಡ, ಮಕ್ಕಳನ್ನ ಎತ್ಕೋರಿ!"

ನಾನು ಕಿರುಚಿದ್ದಕ್ಕೆ ಅವನ ಮುಖ ಬಿಳಿಚಿತು. ಕಾಕಾ ಅಜ್ಜಿಯನ್ನು ಬೆನ್ನಿಗೆ ಹೊತ್ತ. ನಡುದಾರಿಯಲ್ಲಿ ನೀರು ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಕಾಕಾ ಒಮ್ಮೆ ಜಾರಿದ, ಅಜ್ಜಿಯ ಮಗ ಹಿಡಿದು ನಿಲ್ಲಿಸಿದ. ನಾನು ಎತ್ತಿಕೊಂಡಿದ್ದ ಹುಡುಗಿ ಉಸಿರು ಕಟ್ಟುವಂತೆ ನನ್ನ ಕುತ್ತಿಗೆ ಬಿಗಿದಿದ್ದಳು. ಎಲ್ಲರೂ ದಂಡೆ ಹತ್ತಿ ತಿರುಗಿ ನೋಡಿದರೆ ಬಂಡೆ ಕಾಣಲಿಲ್ಲ.

"ನೀ ನಮ್ಮ ಪಾಲಿಗೆ ದೇವರವಾ," ಎಂದು ಅಜ್ಜಿ ಕೈ ಮುಗಿದರು. ಸೋಮವಾರ ಹೋಮ್‌ಸ್ಟೇ ಮಾಲೀಕರು ಪೇಢೆ ಹಿಡಿದು ಮನೆಗೆ ಬಂದರು. "ಜ್ಯೋತಿಬಾಗ ಇಷ್ಟ ಎಚ್ಚರ ಇದ್ದಿದ್ರ, ಎರಡ ವರ್ಷದ ಹಿಂದ ಧಾರವಾಡದ ಮಾಸ್ತರು ಕೊಚ್ಚಿ ಹೋಗ್ತಿದ್ದಿಲ್ಲ," ಎಂದರು. ಅವ್ವ ತಲೆ ತಗ್ಗಿಸಿದಳು. ನನಗೆ ಅಲ್ಲಿ ಕೂರಲಾಗಲಿಲ್ಲ.

ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನಿನ್ನ ಪುಟ್ಟಿ ಸಮುದ್ರದ ಗಾಳಿ ಕುಡಿದು ಗಟ್ಟಿಮುಟ್ಟಾಗಿ ಬೆಳೆಯಲಿ.

ನಿನ್ನ ತಂಗಿ,
ತುಳಜಾ

ತಾ.ಕ.: ಮಾಸ್ತರು ಹೋದ ದಿನವೂ ನೀರು ಬಿಟ್ಟಿದ್ದಾರೆಂದು ಫೋನ್ ಬಂದಿತ್ತು, ಎತ್ತಿದವಳು ನಾನೇ. ಕೌಂಟರಿನ ಮುಂದೆ ಜನ ನಿಂತಿದ್ದರು, ಇವರನ್ನು ಕಳಿಸಿ ನಿನಗೆ ಹೇಳೋಣ ಎಂದುಕೊಂಡು ಮರೆತೆ. ವಿಚಾರಣೆಯಲ್ಲಿ "ಅಣ್ಣಗ ಹೇಳಿದ್ನಿ" ಎಂದು ನಿನ್ನೆದುರೇ ಸುಳ್ಳು ಹೇಳಿದೆ. ನೀನು ನನ್ನ ಮುಖ ನೋಡಿ, "ಹೌದ್ರಿ, ಹೇಳಿದ್ಲು," ಎಂದೆ. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲೇ ಇಲ್ಲ. ಇವತ್ತು ಬೆಳಿಗ್ಗೆ ಮಾಲೀಕರಿಗೂ ಅವ್ವನಿಗೂ ನಿಜ ಹೇಳಿದೆ. ಅವ್ವ ಇನ್ನೂ ನನ್ನೊಡನೆ ಮಾತಾಡಿಲ್ಲ. ನಾಳೆ ಧಾರವಾಡಕ್ಕೆ, ಮಾಸ್ತರ ಹೆಂಡತಿಯ ಹತ್ತಿರ ಹೋಗುತ್ತಿದ್ದೇನೆ.