ಹೇಳ್ಕೊಳ್ಳೋ ಅಂಥದ್ದೇನಿಲ್ಲ

ಸ್ಕಿಪ್ಟನ್
ಫೆಬ್ರವರಿ ೯

ಪ್ರೀತಿಯ ತಂಗಿ ಆವ್ರಿಲ್‌ಗೆ,

ನೀನು, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಕ್ರಿಸ್‌ಮಸ್ಸಿಗೆ ನೀನು ಹೆಣೆದು ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿತೆಂದು ಇಷ್ಟು ತಡವಾಗಿ ತಿಳಿಸುತ್ತಿದ್ದೇನೆ, ಬೈಯಬೇಡ. ನಿನ್ನ ಭಾವ ವಿಲ್ಫ್ ಒಂದನ್ನು ಮಾತ್ರ ಹಾಕಿಕೊಳ್ಳುತ್ತಾನೆ. ಬಲಪಾದಕ್ಕೆ ಬಿಸಿ, ತಣ್ಣಗೆ ಯಾವುದೂ ತಿಳಿಯುವುದಿಲ್ಲವಂತೆ. ಅದಕ್ಕೆ ಹಾಕುವುದು ದಂಡವಂತೆ.

ಹೌದು, ಸುದ್ದಿ ಅದೇ. ಕಳೆದ ತಿಂಗಳು ಟಪಾಲು ಹಂಚುತ್ತಾ ಹೋದವನು ಪಾದ ಸೋತು ಯಾರದೋ ಗೇಟಿನ ಮುಂದೆ ಬಿದ್ದ. ಬೆನ್ನುಮೂಳೆಯ ನಡುವಿನ ಬಿಲ್ಲೆ ಜಾರಿ ನರವನ್ನು ಒತ್ತುತ್ತಿದೆ. ಬೇಗ ಆಪರೇಷನ್ ಆದರೆ ಪಾದಕ್ಕೆ ಬಲ ಮರಳುತ್ತದೆ, ತಡವಾದರೆ ಸಾಯುವತನಕ ಎಳೆದುಕೊಂಡೇ ನಡೆಯಬೇಕು ಎಂದರು ಸರ್ಜನ್. ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವುದು ಬೇಸಿಗೆ ಕಳೆದ ಮೇಲೆ.

ಆಗಲೂ ನಾನು ಹೆದರಲಿಲ್ಲ. ನನ್ನ ಕ್ಯಾನ್ಸರ್ ವಾಸಿಯಾದ ಮೇಲೆ, ಇನ್ನು ಯಾವ ಸರದಿಯಲ್ಲೂ ಕಾಯಬಾರದೆಂದು ಇಬ್ಬರಿಗೂ ಖಾಸಗಿ ವಿಮೆ ಮಾಡಿಸಿದ್ದೆವಲ್ಲ. ಧೈರ್ಯವಾಗಿ ಫೋನ್ ಮಾಡಿದೆ. ವಿಮೆ ಕಂಪನಿಯ ಹುಡುಗಿ ಬಹಳ ಮೃದುವಾಗಿ ನನ್ನ ಕತ್ತು ಕೊಯ್ದಳು.

"ಮೇಡಂ, ದಿಢೀರ್ ಅಂತ ಬಂದು, ಚಿಕಿತ್ಸೆ ಕೊಟ್ರೆ ಗುಣ ಆಗೋ ಕಾಯಿಲೆಗೆ ಮಾತ್ರ ನಾವು ಕೊಡೋದು. ವಿಮೆ ಮಾಡಿಸೋಕೆ ಮುಂಚೆನೇ ಇದ್ದಿದ್ದಕ್ಕೆ ಬರಲ್ಲ."

"ಮುಂಚೆನೇ ಇತ್ತು ಅಂತ ಯಾರಮ್ಮ ಹೇಳಿದ್ದು?"

"ನಿಮ್ಮ ಯಜಮಾನ್ರೇ, ಮೇಡಂ. ಡಾಕ್ಟ್ರು ಬರೆದಿದಾರೆ."

ನನಗೆ ನೆನಪಾಯಿತು. ಇವನು ಬಿದ್ದ ಮೇಲೆ ನಮ್ಮ ಡಾಕ್ಟರ್ ಪಿಕರ್ಸ್‌ಗಿಲ್ ಎದುರು ಇವನ ಪಕ್ಕದಲ್ಲೇ ಕೂತಿದ್ದೆ. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಇವನು ಹೇಳಿದ್ದು ಇಷ್ಟು: "ಹೇಳ್ಕೊಳ್ಳೋ ಅಂಥದ್ದೇನಿಲ್ಲ ಡಾಕ್ಟ್ರೇ. ವರ್ಷಗಟ್ಲೆಯಿಂದ ಇದೆ, ಅದರ ಪಾಡಿಗೆ ಅದು. ಸುಮ್ನೆ ನಿಮ್ಮ ಟೈಮ್ ಹಾಳು ಮಾಡ್ತಿದೀನಿ."

ನಮ್ಮ ಜನವೇ ಹೀಗೆ. ಮನೆಗೆ ಬೆಂಕಿ ಬಿದ್ದರೂ ಸ್ವಲ್ಪ ಬೆಚ್ಚಗಿದೆ ಅನ್ನುವವರು. ಅಪ್ಪ ಸಾಯುವ ದಿನವೂ ನರ್ಸಿಗೆ "ಪರವಾಗಿಲ್ಲಮ್ಮ" ಅಂದಿದ್ದು ನೆನಪಿದೆಯಲ್ಲ? ಇದೂ ಅದೇ ಸಂಕೋಚದ ಮಾತು ಅಂದುಕೊಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ನಿನ್ನೆ ಡಾಕ್ಟರ್ ಪಿಕರ್ಸ್‌ಗಿಲ್ ಅವರನ್ನು ಕಂಡು ನಾಚಿಕೆ ಬಿಟ್ಟು ಅತ್ತೆ. "ಗ್ಲೆನಿಸ್, ಅಳಬೇಡಿ. ಸಂಕೋಚಕ್ಕೆ ಹಾಗಂದೆ ಅಂತ ಅವರೇ ಬಂದು ಹೇಳಲಿ, ತಿದ್ದಿ ಬರ್ಕೊಡ್ತೀನಿ" ಎಂದರು. ಓಡಿಕೊಂಡೇ ಮನೆಗೆ ಬಂದೆ.

ವಿಲ್ಫ್ ಟೀ ಮುಟ್ಟದೆ ಕೂತಿದ್ದ. ಡಾಕ್ಟರು ಹೇಳಿದ್ದನ್ನು ತಿಳಿಸಿದೆ. "ಆಗಲ್ಲ ಕಣೇ" ಅಂದ.

"ಒಂದೇ ಒಂದು ಮಾತು ಕಣೋ! ನಾಳೆ ನಿನ್ನ ಕಾಲು ಹೋದ್ರೆ?"

"ಹೋದ್ರೆ ಹೋಗ್ಲಿ. ಸುಳ್ಳು ಹೇಳಲ್ಲ."

"ಹಾಗಾದ್ರೆ ಆ ಸತ್ಯಾನೇ ಊರುಗೋಲು ಮಾಡ್ಕೊಂಡು ನಡಿ!" ಎಂದು ಕಿರುಚಿ ಅಮ್ಮನ ನೀಲಿ ಪಿಂಗಾಣಿ ಟೀಪಾಟನ್ನು ನೆಲಕ್ಕೆ ಎತ್ತಿ ಹಾಕಿದೆ. ಅವನು ಚೂರು ಆಯಲು ಬಗ್ಗಿದ. ಬಗ್ಗಿದವನಿಗೆ ಏಳಲಾಗಲಿಲ್ಲ. ನಾನು ಎಷ್ಟು ಎಳೆದರೂ ಎಬ್ಬಿಸಲಾಗಲಿಲ್ಲ, ಆವ್ರಿಲ್. ಕೊನೆಗೆ ನಾನೂ ಅವನ ಪಕ್ಕದಲ್ಲಿ ನೆಲದ ಮೇಲೇ ಕೂತೆ. ಪಕ್ಕದ ಮನೆಯವರು ಬಂದು ಎತ್ತಬೇಕಾಯಿತು.

ನನಗೆ ದಾರಿ ಕಾಣುತ್ತಿಲ್ಲ. ದಿನವೂ ಆಸ್ಪತ್ರೆಗೆ ಫೋನ್ ಮಾಡಿ, ಯಾರಾದರೂ ಬರದೆ ಸರದಿ ಖಾಲಿಯಾಯಿತೇ ಎಂದು ಗೋಗರೆಯುತ್ತೇನೆ. ಸಾಧ್ಯವಾದರೆ ಬಂದು ಹೋಗು. ಮಕ್ಕಳಿಗೆ ನನ್ನ ಮುತ್ತು, ದೇವರು ನಿಮ್ಮನ್ನು ಗಟ್ಟಿಯಾಗಿಟ್ಟಿರಲಿ.

ನಿನ್ನ ಅಕ್ಕ,
ಗ್ಲೆನಿಸ್

ತಾ.ಕ.: ನೆಲದ ಮೇಲೆ ಕೂತಾಗ ಕೇಳಿದೆ, ನಿಜವಾಗಿ ಈ ನೋವು ಯಾವಾಗಿನದು ಎಂದು. "ನಿನ್ನ ಎತ್ಕೊಂಡು ಮೆಟ್ಟಿಲು ಹತ್ತಿಸ್ತಿದ್ನಲ್ಲ, ಆ ಚಳಿಗಾಲದ್ದು" ಅಂದ. ನಿನಗೆ ಗೊತ್ತಲ್ಲ, ಸತ್ತರೂ ಮಹಡಿಯ ಮೇಲಿನ ನನ್ನ ಹಾಸಿಗೆಯಲ್ಲೇ ಸಾಯುತ್ತೇನೆಂದು ಕ್ಯಾನ್ಸರಿನ ಆ ದಿನಗಳಲ್ಲಿ ಹಟ ಹಿಡಿದಿದ್ದೆ. ದಿನವೂ ಅವನ ಕತ್ತು ತಬ್ಬಿಕೊಂಡು "ಭಾರ ಆಯ್ತೇನೋ?" ಎಂದು ಕೇಳುತ್ತಿದ್ದೆ. ದಿನವೂ ಅವನದು ಒಂದೇ ಉತ್ತರ: "ಹೇಳ್ಕೊಳ್ಳೋ ಅಂಥದ್ದೇನಿಲ್ಲ."